ಚೀಲಕ್ಕೆ ಜಗ್ಗದ ನಡ ಚರಿಗೆಗೆ ಹಿಡಿಯುವುದೇಕೆ?

ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದ ಕಡೆ ನೆಲ್ಲಿನ ಚೀಲವೆಂದರೆ 75 ಕಿಲೊ. ಲೆಕ್ಕ, ರೇಟು, ಬಾಡಿಗೆ ಎಲ್ಲವೂ ಆ ಚೀಲದ ಮೇಲೆಯೇ. ಸುಗ್ಗಿ ಬಂತೆಂದರೆ ಹಮಾಲರು ಅಂಥ ಚೀಲಗಳನ್ನು ಬೆನ್ನಿಗೆ ಹಾಕಿಕೊಂಡು ಲಾರಿಗೆ ಏರಿಸುತ್ತಾರೆ, ಇಳಿಸುತ್ತಾರೆ. ಅವರಲ್ಲಿ ಯಾರಿಗಾದರೂ ನಡ ಹಿಡಿದಾಗ, ಅದು ಯಾವ ಗಳಿಗೆಯಲ್ಲಿ ಹಿಡಿಯಿತೆಂದು ಕೇಳಿ ನೋಡಿ. "ಚೀಲ ಹೊತ್ತಾಗ ಏನೂ ಆಗಿಲ್ರಿ. ಮನ್ಯಾಗ ಚರಿಗಿ ತಗೊಳ್ಳಾಕ ಬಗ್ಗಿದ್ನಿ, ಅಷ್ಟ" ಎಂಬಂಥ ಉತ್ತರವೇ ಹೆಚ್ಚು. ಚರಿಗೆ ಅಲ್ಲದಿದ್ದರೆ ಚಪ್ಪಲಿ, ಅದೂ ಅಲ್ಲದಿದ್ದರೆ ಒಂದು ಸೀನು.

ಇದು ನಮಗೆಲ್ಲ ಗೊತ್ತಿರುವ ಸಂಗತಿ. ಗಾಳಿ ಹಿಡಿದಿದೆ, ಉಳುಕಿದೆ, ಎಲುಬು ಸರಿದಿದೆ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಬೆಲ್ಟು ಕಟ್ಟುತ್ತಾರೆ, ನಾಲ್ಕು ದಿನಕ್ಕೆ ನೋವು ಇಳಿಯುತ್ತದೆ. ಪ್ರಶ್ನೆ ಮಾತ್ರ ಉಳಿದೇಬಿಡುತ್ತದೆ: 75 ಕಿಲೊ ತಡೆದ ನಡ, ಅರ್ಧ ಲೀಟರ್ ನೀರಿನ ಚರಿಗೆಗೆ ಸೋತದ್ದು ಹೇಗೆ? ಬಲ ಸಾಲದೆ ಹೋಯಿತೆನ್ನಲು ಬರುವುದಿಲ್ಲ, ಬಲ ಇತ್ತಲ್ಲ!

ಈಗ ಮೊಬೈಲಿನಲ್ಲಿ ಎಲ್ಲೆಲ್ಲೂ ಕಾಣುವ ಪಿಲಾಟೆಸ್ ಎಂಬ ವ್ಯಾಯಾಮದ ಗುಟ್ಟು ಈ ಪ್ರಶ್ನೆಯ ಉತ್ತರದಲ್ಲಿಯೇ ಇದೆ. ಅದನ್ನು ತಿಳಿಯದೆ ಚಾಪೆ ಹಾಸಿದವರು ಹೊಟ್ಟೆ ಕರಗಿಸುವ ಕಸರತ್ತೆಂದುಕೊಂಡು ಶುರು ಮಾಡುತ್ತಾರೆ, ತಿಂಗಳೊಳಗೆ ಬಿಡುತ್ತಾರೆ. ಆದ್ದರಿಂದ ಮೊದಲು ನಡದ ಒಳಗೆ ಹೋಗಿ ಬರೋಣ.

ಒಂಬತ್ತು ಕಿಲೊಗೆ ಬಾಗುವ ಬೆನ್ನೆಲುಬು

ಬೆನ್ನೆಲುಬು ದೇಹದ ಆಧಾರ ಎಂದು ಶಾಲೆಯಲ್ಲಿ ಓದಿದ್ದೇವೆ. 1992ರಲ್ಲಿ ಅಮೆರಿಕದ ಕ್ರಿಸ್ಕೊ, ಪಂಜಾಬಿ ಮತ್ತವರ ಸಂಗಡಿಗರು ದಾನವಾಗಿ ಬಂದ ದೇಹಗಳಿಂದ ಸೊಂಟದ ಭಾಗದ ಬೆನ್ನೆಲುಬನ್ನು ಬಿಡಿಸಿಕೊಂಡರು. ಎಲುಬು, ನಡುವಿನ ಮೆತ್ತೆ, ಕಟ್ಟುನಾರು ಇವನ್ನು ಉಳಿಸಿ ಸ್ನಾಯುಗಳನ್ನು ಮಾತ್ರ ತೆಗೆದು, ಮೇಲಿನಿಂದ ಭಾರ ಹೇರುತ್ತ ಹೋದರು. ಸುಮಾರು 9 ಕಿಲೊ ಭಾರಕ್ಕೆ ಅದು ಪಕ್ಕಕ್ಕೆ ಮಣಿದು ಬಿತ್ತು. ಒಂಬತ್ತೇ ಕಿಲೊ! ನಮ್ಮ ತಲೆ, ಎರಡು ತೋಳು ಸೇರಿದರೇ ಅದಕ್ಕಿಂತ ಹೆಚ್ಚು ತೂಗುತ್ತವೆ.

ಅಂದರೆ ನಾವು ನೆಟ್ಟಗೆ ನಿಂತಿರುವುದು ಎಲುಬಿನ ಗಟ್ಟಿತನದಿಂದಲ್ಲ. ಸುತ್ತಲಿನ ಸ್ನಾಯುಗಳು ಕ್ಷಣಕ್ಷಣವೂ ಎಲ್ಲ ಕಡೆಯಿಂದ ಸಮನಾಗಿ ಹಿಡಿದೆಳೆಯುತ್ತಿರುವುದರಿಂದ. ಬಹಳ ಜೋರಾಗಿ ಎಳೆಯಬೇಕೆಂದೇನೂ ಇಲ್ಲ. ಬರಿಗೈಯಲ್ಲಿ ನೆಟ್ಟಗೆ ನಿಂತವರಿಗೆ ತಮ್ಮ ಪೂರ್ಣ ಬಲದ ನೂರಕ್ಕೆ ಎರಡು ಮೂರು ಪಾಲು ಬಿಗಿ ಸಾಕೆಂದು ಲೆಕ್ಕಾಚಾರಗಳು ಹೇಳುತ್ತವೆ. ಆ ಎರಡು ಮೂರು ಪಾಲು ಬಿಡುವಿಲ್ಲದೆ ಇರಬೇಕು ಎಂಬುದೇ ಮುಖ್ಯ.

ತುಂಬಿದ ಚೀಲ, ಸಡಿಲ ಚೀಲ

ಗಿರಣಿಯಲ್ಲಿ ಅಕ್ಕಿಯನ್ನು ಕಂಠಮಟ್ಟ ತುಂಬಿ ಬಾಯಿ ಹೊಲಿದ ಚೀಲವನ್ನು ನಿಲ್ಲಿಸಿದರೆ ನಿಲ್ಲುತ್ತದೆ, ಅದರ ಮೇಲೆ ಇನ್ನೊಂದನ್ನು ಒಟ್ಟಬಹುದು. ಅದೇ ಚೀಲದಲ್ಲಿ ಮುಕ್ಕಾಲು ಅಕ್ಕಿ ಇದ್ದರೆ ನಡುವೆ ಮುರಿದು ವಾಲುತ್ತದೆ. ಚೀಲಕ್ಕೆ ಎಲುಬಿಲ್ಲ. ಒಳಗಿನ ಸರಕು ಹೊರಕ್ಕೆ ಒತ್ತುತ್ತದೆ, ಸುತ್ತಲಿನ ಬಟ್ಟೆ ಬಿಗಿಯಾಗಿ ತಡೆಯುತ್ತದೆ. ಈ ಎರಡು ಒತ್ತಡಗಳ ನಡುವೆ ಅದಕ್ಕೆ ನಿಲ್ಲುವ ಶಕ್ತಿ ಬರುತ್ತದೆ.

ನಮ್ಮ ಹೊಟ್ಟೆಯೂ ಅಂಥ ಚೀಲ. ಮೇಲೆ ಎದೆಗೂಡಿಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಉಸಿರು ಎಳೆದಾಗ ಅದು ಕೆಳಗಿಳಿಯುತ್ತದೆ. ಕೆಳಗೆ, ಮೂತ್ರ ಬಂದಾಗ ತಡೆದುಕೊಳ್ಳಲು ಬಳಸುತ್ತೇವಲ್ಲ, ಆ ತಳದ ಸ್ನಾಯುಗಳು. ಹಿಂದೆ ಬೆನ್ನೆಲುಬಿನ ಮಣಿಯಿಂದ ಮಣಿಗೆ ಹೆಣೆದುಕೊಂಡಿರುವ ಗಿಡ್ಡ ಸ್ನಾಯುಗಳು. ಅವನ್ನು ಹೆಣಿಗೆ ಸ್ನಾಯು ಎನ್ನೋಣ, ವೈದ್ಯರು ಮಲ್ಟಿಫಿಡಸ್ ಎನ್ನುತ್ತಾರೆ. ಮುಂದೆ ಮತ್ತು ಪಕ್ಕಗಳಲ್ಲಿ ಹೊಟ್ಟೆಯ ಸ್ನಾಯುಗಳ ಪದರಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಒಳಗಿನದು ಸೊಂಟವನ್ನು ಅಡ್ಡಡ್ಡಲಾಗಿ ಬಳಸಿಕೊಂಡು ಹಿಂದೆ ಬೆನ್ನಿನ ದಪ್ಪ ಪೊರೆಗೆ ಸೇರುತ್ತದೆ. ಇದು ಒಳಪಟ್ಟಿ, ವೈದ್ಯರ ಪುಸ್ತಕದಲ್ಲಿ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್.

ಅಕ್ಕಿ ಚೀಲ ತನ್ನ ಬಟ್ಟೆಯನ್ನು ತಾನೇ ಬಿಗಿ ಮಾಡಿಕೊಳ್ಳಲಾರದು, ಹೊಟ್ಟೆ ಮಾಡಿಕೊಳ್ಳಬಲ್ಲದು. ವಪೆ ಕೆಳಗಿಳಿದು, ತಳ ಮೇಲಕ್ಕೆ ಹಿಡಿದು, ಒಳಪಟ್ಟಿ ಸುತ್ತಲೂ ಬಿಗಿದರೆ ಒಳಗಿನ ಒತ್ತಡ ಏರುತ್ತದೆ. ಹಿಂದೆ ಅಂಟಿಕೊಂಡಿರುವ ಬೆನ್ನೆಲುಬಿಗೆ ಆಗ ಮುಂದಿನಿಂದಲೂ ಆಸರೆ ಸಿಗುತ್ತದೆ.

ಹಮಾಲರು ಚೀಲ ಎತ್ತುವ ಗಳಿಗೆಯನ್ನು ಹತ್ತಿರದಿಂದ ನೋಡಿ. ಮೊದಲು ಒಂದು ದೊಡ್ಡ ಉಸಿರು. ಆಮೇಲೆ ತುಟಿ ಬಿಗಿ, ಗಂಟಲು ಬಂದ್, ಕುತ್ತಿಗೆಯ ನರ ಉಬ್ಬುತ್ತದೆ. ಚೀಲ ಬೆನ್ನ ಮೇಲೆ ಕುಳಿತ ಮೇಲಷ್ಟೇ "ಹಾ" ಎಂದು ಉಸಿರು ಹೊರಗೆ. ಯಾರೂ ಕಲಿಸಿದ್ದಲ್ಲ. ದೊಡ್ಡ ಭಾರ ಎದುರಿಗಿದೆಯೆಂದು ಕಂಡ ಮಿದುಳು ಎಲ್ಲ ಗೋಡೆಗಳನ್ನೂ ಒಟ್ಟಿಗೆ ಬಿಗಿಯುತ್ತದೆ.

ಚರಿಗೆಗೆ ಬಗ್ಗುವಾಗ ಮಿದುಳಿಗೆ ಅಂಥ ಎಚ್ಚರ ಬೇಕೆನಿಸುವುದಿಲ್ಲ. ಉಸಿರು ಎತ್ತಲೋ, ಗಮನ ಎತ್ತಲೋ. ದಣಿದ ದಿನವಾದರೆ ಆ ಎರಡು ಮೂರು ಪಾಲು ಬಿಗಿಯೂ ಒಂದು ಕ್ಷಣ ಸಡಿಲುತ್ತದೆ. ಅಷ್ಟರಲ್ಲಿ ಒಂದು ಮಣಿ ಪಕ್ಕದ ಮಣಿಯ ಮೇಲೆ ತನ್ನ ಮಿತಿ ಮೀರಿ ಹೊರಳುತ್ತದೆ. ಕೂದಲೆಳೆಯಷ್ಟು ಹೆಚ್ಚಾದರೂ ಸಾಕು, ಕಟ್ಟುನಾರು ಜಗ್ಗುತ್ತದೆ, ಕಾವಲಿಗೆ ಬಂದ ದೊಡ್ಡ ಸ್ನಾಯುಗಳು ಗಂಟು ಹಾಕಿದಂತೆ ಬಿಗಿದುಕೊಳ್ಳುತ್ತವೆ. ಅದೇ ನಡ ಹಿಡಿಯುವುದು. ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಯಾಸೆಕ್ ಖೊಲೆವಿಟ್ಸ್‌ಕಿ ಭಾರ ಎತ್ತುವ ಕ್ರೀಡಾಪಟುಗಳ ಬೆನ್ನೆಲುಬನ್ನು ಎಕ್ಸ್‌ರೇ ಚಲನಚಿತ್ರದಲ್ಲಿ ನೋಡುತ್ತಿದ್ದಾಗ ಇಂಥದೊಂದು ಗಳಿಗೆ ಅವರ ಕಣ್ಣೆದುರೇ ನಡೆಯಿತು: ಒಬ್ಬನ ಬೆನ್ನಿನ ಉಳಿದ ಕೀಲುಗಳೆಲ್ಲ ಹತೋಟಿಯಲ್ಲಿದ್ದು, ಒಂದೇ ಒಂದು ಕೀಲು ತಪ್ಪಿ ಹೆಚ್ಚು ಬಾಗಿತು, ಆತನಿಗೆ ನೋವು ಬಂತು. ನಡನೋವುಗಳೆಲ್ಲ ಹೀಗೇ ಬರುತ್ತವೆಂದಲ್ಲ. ನೋವಿಗೆ ದಾರಿಗಳು ಹಲವು. ಬಲಶಾಲಿಗೆ ಹಗುರ ಕೆಲಸದಲ್ಲಿ ನೋವು ಬರುವ ದಾರಿ ಇದು.

ಕೈಗಿಂತ ಮೊದಲು ಹೊಟ್ಟೆ

ಸಡಿಲಾಗುವುದು ಎಂದೆ. ತಡವಾಗುವುದು ಎಂದರೆ ಇನ್ನೂ ಸರಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1996ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಚೆಂದದ್ದು. ನಿಂತವರಿಗೆ ದೀಪ ಹೊತ್ತಿದ ಕೂಡಲೇ ಕೈ ಎತ್ತಿ ಎಂದರು, ಅಷ್ಟೇ. ಭುಜದ ಸ್ನಾಯುವಿನ ಮತ್ತು ಹೊಟ್ಟೆಯ ಒಳಪಟ್ಟಿಯ ವಿದ್ಯುತ್ ಸಂಕೇತಗಳನ್ನು ಹಿಡಿದರು. ಆರೋಗ್ಯವಂತರಲ್ಲಿ ಒಳಪಟ್ಟಿ ಭುಜಕ್ಕಿಂತ ಮೊದಲೇ ಬಿಗಿಯುತ್ತಿತ್ತು. ಕೈ ಏಳುವುದರಿಂದ ನಡ ಅಲುಗುತ್ತದೆಂದು ಮಿದುಳಿಗೆ ಮುಂಚೆಯೇ ಗೊತ್ತು. ಅದಕ್ಕೆ ಮೊದಲು ನಡ ಕಟ್ಟಿ, ಆಮೇಲೆ ಕೈ ಎತ್ತುತ್ತದೆ. ಮತ್ತೆ ಮತ್ತೆ ನಡನೋವು ಬಂದವರಲ್ಲಿ ಈ ಕ್ರಮ ತಪ್ಪಿತ್ತು. ಅವರ ಒಳಪಟ್ಟಿ ಕೈ ಹೊರಟ ಮೇಲೆ ಎಚ್ಚರಗೊಳ್ಳುತ್ತಿತ್ತು.

ಅದೇ ವಿಶ್ವವಿದ್ಯಾಲಯದ ಜೂಲಿ ಹೈಡ್ಸ್ ಅವರು ಮೊದಲ ಸಲ ನಡ ಹಿಡಿದವರ ಹೆಣಿಗೆ ಸ್ನಾಯುಗಳನ್ನು ಅಲ್ಟ್ರಾಸೌಂಡಿನಲ್ಲಿ ಅಳೆದರು. ನೋವಿದ್ದ ಬದಿಯ ಸ್ನಾಯು ಸೊರಗಿತ್ತು. ನಾಲ್ಕು ವಾರಕ್ಕೆ ಹೆಚ್ಚಿನವರ ನೋವು ಹೋಯಿತು, ಹತ್ತು ವಾರವಾದರೂ ಸ್ನಾಯು ತಾನಾಗಿ ತುಂಬಿಕೊಳ್ಳಲಿಲ್ಲ. ನಡ ಹಿಡಿದು ಬಿಟ್ಟವರಿಗೆ ಮತ್ತೆ ಹಿಡಿಯುವುದು ಏಕೆಂಬುದಕ್ಕೆ ಇಲ್ಲೊಂದು ಸುಳಿವಿದೆ. ನೋವಿನ ಮಾತ್ರೆ ನೋವನ್ನು ಕಳೆಯುತ್ತದೆ, ಮರೆತ ಕೆಲಸವನ್ನು ಸ್ನಾಯುವಿಗೆ ನೆನಪಿಸುವುದಿಲ್ಲ.

ಈ ಪ್ರಯೋಗಗಳು ಪ್ರಸಿದ್ಧವಾದ ಮೇಲೆ ಒಳಪಟ್ಟಿ ಒಂದನ್ನೇ ಹಿಡಿದು ಪೂಜಿಸುವ ಗೀಳೂ ಹಬ್ಬಿತು. ಅದು ಅತಿಯಾಯಿತು. ಒಂದೇ ಗೋಡೆ ಬಿಗಿದರೆ ಚೀಲ ನಿಲ್ಲುವುದಿಲ್ಲ. ಎಲ್ಲ ಗೋಡೆಗಳೂ ಸಮಯಕ್ಕೆ ಸರಿಯಾಗಿ, ಬೇಕಾದಷ್ಟೇ ಬಿಗಿಯಬೇಕು.

ಗದ್ದೆಯಲ್ಲಿ ಬಾಗಿದ ಬೆನ್ನು

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ ಕಡೆಯ, ಕ್ಯಾಂಪುಗಳೆಂದು ಕರೆಯುವ ಊರುಗಳ ಗದ್ದೆಗಳಲ್ಲಿ ಸಾಲು ಸಾಲಾಗಿ ಹೆಣ್ಣುಮಕ್ಕಳು ಸಸಿ ಹಚ್ಚುವುದನ್ನು ನೋಡುತ್ತೇವೆ. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ಕೆಸರಿಗೆ ಇಳಿದು ಏಳುತ್ತದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ. ಬೆನ್ನು ಪೂರ್ತಿ ಬಾಗಿರುತ್ತದೆ, ಗಂಟೆಗಟ್ಟಲೆ. ಅವರ ಬೆನ್ನಿನ ಸ್ನಾಯುಗಳು ಆಗ ಸತತವಾಗಿ ದುಡಿಯುತ್ತಿರುತ್ತವೆ ಎಂದು ಯಾರಿಗಾದರೂ ಅನಿಸುತ್ತದೆ. ಸತ್ಯ ಇದಕ್ಕೆ ತಲೆಕೆಳಗು.

ಲಂಡನ್ನಿನ ಫ್ಲಾಯ್ಡ್ ಮತ್ತು ಸಿಲ್ವರ್ 1950ರ ದಶಕದಲ್ಲಿ ಬೆನ್ನಿನ ಸ್ನಾಯುಗಳ ವಿದ್ಯುತ್ ಸಂಕೇತ ಅಳೆದಾಗ, ಮುಂದಕ್ಕೆ ಬಾಗುತ್ತ ಹೋದಂತೆ ಸಂಕೇತ ಏರಿತು. ಪೂರ್ತಿ ಬಾಗಿದ ಹಂತದಲ್ಲಿ ಇದ್ದಕ್ಕಿದ್ದಂತೆ ಮೌನವಾಯಿತು. ಸ್ನಾಯು ರಜೆ ಹಾಕಿ ಮೈಭಾರವನ್ನು ಕಟ್ಟುನಾರುಗಳಿಗೆ ಒಪ್ಪಿಸಿಬಿಡುತ್ತದೆ. ಸ್ವಲ್ಪ ಹೊತ್ತಿಗಾದರೆ ಇದು ಒಳ್ಳೆಯ ಉಳಿತಾಯ. ಗಂಟೆಗಟ್ಟಲೆಯಾದರೆ ಕಟ್ಟುನಾರು ಮೆಲ್ಲಮೆಲ್ಲನೆ ಹಿಗ್ಗುತ್ತದೆ. ಮೆಕ್‌ಗಿಲ್ ಮತ್ತು ಬ್ರೌನ್ ಬರೀ 20 ನಿಮಿಷ ಬಾಗಿಸಿ ಕೂರಿಸಿದ ಜನರಲ್ಲಿಯೇ ನಡ ಮೊದಲಿಗಿಂತ ಹೆಚ್ಚು ಬಾಗುವಂತಾಗಿತ್ತು. ಎದ್ದು ಎರಡು ನಿಮಿಷವಾದ ಮೇಲೂ ಕಳೆದ ಬಿಗುವಿನಲ್ಲಿ ಅರ್ಧ ಮಾತ್ರ ಮರಳಿತ್ತು.

ನಾಟಿಯ ಹೆಣ್ಣುಮಕ್ಕಳು ಬದುವಿಗೆ ಬಂದ ಕೂಡಲೇ ಬುತ್ತಿಯ ಗಂಟಿಗೋ ಅಳುವ ಕೂಸಿಗೋ ಬಾಗುತ್ತಾರೆ. ಕಟ್ಟುನಾರು ಇನ್ನೂ ಸಡಿಲ, ಸ್ನಾಯು ಇನ್ನೂ ರಜೆಯಲ್ಲಿ. ನಡ ಅಲ್ಲೇ ಹಿಡಿಯುತ್ತದೆ. ಗದ್ದೆಯಿಂದ ಎದ್ದವರು ಕೈ ಸೊಂಟಕ್ಕಿಟ್ಟು ಹಿಂದಕ್ಕೆ ಬಾಗಿ, ನಾಲ್ಕು ಹೆಜ್ಜೆ ಅಡ್ಡಾಡಿ, ಎರಡು ಮೂರು ನಿಮಿಷ ಕಳೆದ ಮೇಲೆ ಭಾರ ಎತ್ತಬೇಕು. ಕೂಲಿಯ ಲೆಕ್ಕದಲ್ಲಿ ಆ ಮೂರು ನಿಮಿಷಕ್ಕೆ ಜಾಗ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ನೋವಿಗೆ ವ್ಯಾಯಾಮವನ್ನೇ ಮದ್ದೆಂದು ಹೇಳಿ, ಕೆಲಸದ ರೀತಿಯನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಉಸಿರನ್ನು ಹಿಡಿಯದೆ ಬಿಗಿ ಹಿಡಿದವನು

ಜೋಸೆಫ್ ಪಿಲಾಟೆಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ. ಎಳವೆಯಲ್ಲಿ ಅಸ್ತಮಾ ಇದ್ದ, ರೋಗಿಷ್ಠ ಹುಡುಗ. ಮೊದಲ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿದ್ದುದರಿಂದ ಶತ್ರುದೇಶದವನೆಂದು ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಇಟ್ಟರು. ನೆಲದ ಮೇಲೆ ಮಲಗಿ ಮಾಡುವ ವ್ಯಾಯಾಮಗಳನ್ನು ಅಲ್ಲಿ ರೂಢಿಸಿಕೊಂಡನೆಂದು ಹೇಳುತ್ತಾರೆ. 1926ರಲ್ಲಿ ನ್ಯೂಯಾರ್ಕಿಗೆ ಹೋಗಿ, ಸಂಗಾತಿ ಕ್ಲಾರಾ ಜೊತೆಗೂಡಿ ವ್ಯಾಯಾಮಶಾಲೆ ತೆರೆದ. ಪೆಟ್ಟಾದ ನೃತ್ಯಪಟುಗಳು ಅವನಲ್ಲಿಗೆ ಬರತೊಡಗಿದರು. ತನ್ನ ಪದ್ಧತಿಗೆ ಅವನು ಇಟ್ಟ ಹೆಸರು ಕಂಟ್ರಾಲಜಿ. 1945ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ 34 ಚಾಪೆ ವ್ಯಾಯಾಮಗಳಿವೆ. ಇಂದು ಬೆಂಗಳೂರಿನ ಸ್ಟುಡಿಯೊಗಳಲ್ಲಿ ಕಾಣುವ, ಸ್ಪ್ರಿಂಗುಗಳ ಎಳೆತಕ್ಕೆ ಎದುರಾಗಿ ಹಲಗೆ ಜಾರುವ ರಿಫಾರ್ಮರ್ ಯಂತ್ರವೂ ಅವನ ಕಲ್ಪನೆಯೇ. ಕಲಿಯಲು ಅದು ಬೇಕೇ ಬೇಕೆಂದಿಲ್ಲ.

1967ರಲ್ಲಿ ತೀರಿಕೊಂಡ ಪಿಲಾಟೆಸ್‌ಗೆ ಹಾಜಸ್ ಪ್ರಯೋಗ ಗೊತ್ತಿರಲು ಸಾಧ್ಯವಿಲ್ಲ. ಆದರೂ ಅವನ ಪಾಠಗಳೆಲ್ಲ ಒಂದು ಹಟ ಹಿಡಿದಿದ್ದವು: ಹೊಟ್ಟೆಯ ಗೋಡೆ ಹದವಾಗಿ ಬಿಗಿದಿರಬೇಕು, ಉಸಿರು ನಿಲ್ಲಬಾರದು, ಆಮೇಲೆ ಕೈಕಾಲು ಆಡಬೇಕು. ಹಮಾಲರು ಉಸಿರು ಕಟ್ಟಿ ಪಡೆಯುವ ಬಿಗಿ ಐದಾರು ಸೆಕೆಂಡಿನದು. ದಿನವಿಡೀ ಉಸಿರು ಕಟ್ಟಿರಲು ಆಗದು. ಉಸಿರಾಡುತ್ತಲೇ ಹಗುರ ಬಿಗಿ ಉಳಿಸಿಕೊಳ್ಳುವುದನ್ನು ಮಿದುಳಿಗೆ ರೂಢಿ ಮಾಡಿಸುವುದೇ ಪಿಲಾಟೆಸ್.

ಇದರಲ್ಲಿ ಉಸಿರು ಹೊರಬಿಡುವುದಕ್ಕೆ ಏಕಿಷ್ಟು ಮಹತ್ವ ಎಂಬುದೂ ಈಗ ಸ್ಪಷ್ಟ. ಒಳಪಟ್ಟಿ ಗಾಳಿ ಹೊರದಬ್ಬುವ ಸ್ನಾಯುವೂ ಹೌದು. ಒಲೆ ಊದುವಾಗ ಸೊಂಟ ಬಿಗಿಯುವುದು ಅದರಿಂದಲೇ. ಉಸಿರು ಬಿಡುತ್ತ ಕಾಲೆತ್ತಿದರೆ ಅದು ಕರೆಯದೆ ಬರುತ್ತದೆ.

ಹಾಗಾದರೆ ಇದು ನಮ್ಮ ಯೋಗದಲ್ಲಿಯೇ ಇದೆಯಲ್ಲ ಎಂದು ಕೇಳುವವರಿದ್ದಾರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ಟಿ. ಕೃಷ್ಣಮಾಚಾರ್ಯರು ನಡೆಸಿದ ಯೋಗಶಾಲೆಯ ಪರಂಪರೆಯಲ್ಲಿ ಬಂಧಗಳಿಗೆ, ಅಂದರೆ ಮೈಯ ಒಂದು ಭಾಗವನ್ನು ಬಿಗಿದು ಹಿಡಿಯುವ ಕ್ರಿಯೆಗಳಿಗೆ, ದೊಡ್ಡ ಸ್ಥಾನವಿದೆ. ಆದರೆ ಉಡ್ಡೀಯಾನ ಬಂಧದಲ್ಲಿ ಉಸಿರನ್ನು ಪೂರ್ತಿ ಹೊರಹಾಕಿ, ತಡೆದು, ಹೊಟ್ಟೆಯನ್ನು ಒಳಗೆ ಹೀರಿಕೊಳ್ಳುತ್ತಾರೆ. ಪಿಲಾಟೆಸ್‌ನಲ್ಲಿ ಉಸಿರು ನಿಲ್ಲಿಸುವಂತಿಲ್ಲ. ಉದ್ದೇಶ ಬೇರೆ, ಒತ್ತಡವೂ ಬೇರೆ.

ಪಿಲಾಟೆಸ್ ಅನ್ನು ಎಷ್ಟು ನಂಬಬಹುದು? ಚಿಕಿತ್ಸೆಗಳ ಪರೀಕ್ಷೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ 510 ಜನ ಪಾಲ್ಗೊಂಡ 10 ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿತು. ಏನೂ ಮಾಡದೆ ಇರುವುದಕ್ಕಿಂತ ಪಿಲಾಟೆಸ್ ನಡನೋವನ್ನು ಹೆಚ್ಚು ಇಳಿಸುತ್ತದೆ; ಬೇರೆ ವ್ಯಾಯಾಮಗಳಿಗಿಂತ ಮೇಲೆಂದು ಹೇಳಲು ಗಟ್ಟಿ ಆಧಾರ ಸಿಗಲಿಲ್ಲ. ಆದ್ದರಿಂದ ದಿನಾ ನಡೆಯುವವರು, ಆಸನ ಹಾಕುವವರು ಅದನ್ನು ಬಿಟ್ಟು ಇದಕ್ಕೆ ಬರಬೇಕಾಗಿಲ್ಲ.

ಯಾರು ಕಾಯಬೇಕು

ಕಾಲಿನಲ್ಲಿ ಶಕ್ತಿ ಕುಂದಿದ್ದರೆ, ತೊಡೆಸಂದಿಯ ಭಾಗ ಮರಗಟ್ಟಿದ್ದರೆ, ಮೂತ್ರ ಅಥವಾ ಮಲದ ಮೇಲೆ ಹತೋಟಿ ತಪ್ಪಿದ್ದರೆ ಚಾಪೆ ಹಾಸಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆಗಿನ ನಡನೋವು, ಬಿದ್ದ ಮೇಲೆ ಬಂದ ನೋವು ಇವೂ ಮೊದಲು ವೈದ್ಯರ ಕಣ್ಣಿಗೆ ಬೀಳಬೇಕು. ಗರ್ಭಿಣಿಯರು, ಸಿಸೇರಿಯನ್ ಆದವರು, ಹರ್ನಿಯಾ ಇದ್ದವರು, ರಕ್ತದೊತ್ತಡ ಹೆಚ್ಚಿರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮುಟ್ಟು ನಿಂತು ವರ್ಷಗಳಾದ ಹೆಣ್ಣುಮಕ್ಕಳ ವಿಷಯ ಒತ್ತಿ ಹೇಳುತ್ತೇನೆ: ಎಲುಬು ಸವೆದಿದ್ದರೆ ಬೆನ್ನನ್ನು ಮುಂದಕ್ಕೆ ಸುರುಳಿ ಸುತ್ತುವ, ಉರುಳುವ ವ್ಯಾಯಾಮಗಳಿಂದ ಮಣಿ ಬಿರಿಯಬಹುದು. ವಿಡಿಯೊಗಳಲ್ಲಿ ಅಂಥವೇ ಹೆಚ್ಚು.

ಚಾಪೆಯ ಮೇಲೆ

ಹತ್ತಿಯ ಗಾದಿ ಬೇಡ, ಮೈ ಹೂತುಹೋಗುತ್ತದೆ. ನೆಲದ ಮೇಲೆ ಜಮಖಾನೆಯೊಂದನ್ನು ಎರಡು ಮಡಿಕೆ ಮಾಡಿ ಹಾಸಿ. ಊಟವಾಗಿ ಎರಡು ತಾಸು ಕಳೆದಿರಲಿ. ಎದ್ದ ಕೂಡಲೇ ಬೇಡ. ರಾತ್ರಿ ಮಲಗಿದ್ದಾಗ ಮಣಿಗಳ ನಡುವಿನ ಮೆತ್ತೆ ನೀರು ಹೀರಿ ಉಬ್ಬಿರುತ್ತದೆ, ಮೊದಲ ಗಂಟೆಯಲ್ಲಿ ನಡ ಬಾಗಿಸುವುದು ಹಿತವಲ್ಲ.

ಅಂಗಾತ ಮಲಗಿ ಮೊಣಕಾಲು ಮಡಚಿ, ಪಾದ ನೆಲಕ್ಕೆ ಊರಿ. ಸೊಂಟದ ಮುಂದಿನ ಎರಡು ಎಲುಬಿನ ತುದಿಗಳನ್ನು ಹುಡುಕಿ, ಅಲ್ಲಿಂದ ಎರಡು ಬೆರಳು ಒಳಕ್ಕೆ, ಸ್ವಲ್ಪ ಕೆಳಕ್ಕೆ ಬೆರಳ ತುದಿ ಇಡಿ. ಈಗ ಮೆಲ್ಲಗೆ ಕೆಮ್ಮಿ. ಬೆರಳನ್ನು ಹೊರಗೆ ತಳ್ಳುವ ಗಟ್ಟಿ ಬಡಿತ ಸಿಕ್ಕಿತಲ್ಲ, ಅದು ಎಲ್ಲ ಪದರಗಳೂ ಒಟ್ಟಿಗೆ ಜೋರಾಗಿ ಬಿಗಿದದ್ದು. ನಮಗೆ ಬೇಕಾದ್ದು ಅದಲ್ಲ. ಬಾಯಿಯಿಂದ ಉದ್ದಕ್ಕೆ ಉಸಿರು ಬಿಡುತ್ತ, ಮೂತ್ರ ತಡೆಯುವಾಗಿನಂತೆ ತಳವನ್ನು ತುಸು ಮೇಲೆಳೆದುಕೊಂಡು, ಹೊಕ್ಕುಳ ಕೆಳಗಿನ ಭಾಗವನ್ನು ಒಂದಿಷ್ಟೇ ಒಳಕ್ಕೆ ತನ್ನಿ. ಬೆರಳ ಕೆಳಗೆ ಚರ್ಮ ಉಬ್ಬದೆ, ಆಳದಲ್ಲಿ ಏನೋ ಬಿಗಿಯುತ್ತ ಬಂದದ್ದು ಗೊತ್ತಾಗುತ್ತದೆ. ಮೊದಲ ದಿನ ಸಿಗದೆ ಹೋದರೂ ಚಿಂತೆಯಿಲ್ಲ.

ಈಗ ಕಷ್ಟದ ಭಾಗ. ಆ ಬಿಗಿಯನ್ನು ಬಿಡದೆ ಮೂಗಿನಿಂದ ಉಸಿರು ಎಳೆದುಕೊಳ್ಳಿ. ಹೊಟ್ಟೆ ಉಬ್ಬದಿರಲಿ, ಪಕ್ಕೆಲುಬುಗಳು ಎರಡು ಬದಿಗೆ ಅಗಲವಾಗಲಿ. ಹೀಗೆ ಐದಾರು ಉಸಿರು ಸುಸೂತ್ರವಾಗಿ ನಡೆಯುವವರೆಗೆ ಮುಂದಿನ ಹೆಜ್ಜೆ ಬೇಡ. ಒಂದು ವಾರ ಇದರಲ್ಲಿಯೇ ಕಳೆದರೆ ನಷ್ಟವೇನಿಲ್ಲ. ಅವಸರದ ಶಿಕ್ಷಕರು ಹಾರಿಸಿಬಿಡುವ ವಾರ ಇದೇ.

ಆಮೇಲೆ ಉಸಿರು ಬಿಡುತ್ತ ಒಂದು ಪಾದವನ್ನು ನೆಲದಿಂದ ಒಂದು ಗೇಣು ಎತ್ತಿ, ಉಸಿರು ಎಳೆಯುತ್ತ ಇಳಿಸಿ. ಸೊಂಟ ಪಕ್ಕಕ್ಕೆ ವಾಲಬಾರದು, ನಡದ ಕೆಳಗಿನ ಸಂದು ಹಿಗ್ಗಲೂ ಬಾರದು, ಕುಗ್ಗಲೂ ಬಾರದು. ಎರಡೂ ಕಾಲು ಹೊಂದಿಕೊಂಡ ಮೇಲೆ ಅಂಬೆಗಾಲಿನ ಭಂಗಿಗೆ ಬನ್ನಿ: ಅಂಗೈ, ಮೊಣಕಾಲು ನೆಲಕ್ಕೆ, ಬೆನ್ನು ಸಪಾಟು. ಉಸಿರು ಬಿಡುತ್ತ ಒಂದು ಕೈ ಮುಂದಕ್ಕೆ ಚಾಚಿ; ಕೆಲವು ದಿನಗಳ ಮೇಲೆ ಅದರ ಜೊತೆಗೆ ಎದುರು ಬದಿಯ ಕಾಲನ್ನು ಹಿಂದಕ್ಕೆ. ಹಾಜಸ್ ಅವರ ಪ್ರಯೋಗದ ಕೈ ಎತ್ತುವುದನ್ನೇ ಇಲ್ಲಿ ಬೇಕೆಂದೇ ನಿಧಾನವಾಗಿ ಮಾಡುತ್ತೀರಿ. ಬಿಗಿ ಮೊದಲು, ಕೈ ಆಮೇಲೆ.

ಪಿಲಾಟೆಸ್‌ನ ಹೆಸರಾಂತ ಹಂಡ್ರೆಡ್ ವ್ಯಾಯಾಮ ಇವೆಲ್ಲ ಕೈಗೂಡಿದ ಮೇಲಿನದು. ಅಂಗಾತ ಮಲಗಿ, ತೋಳನ್ನು ನೆಲದಿಂದ ಮೇಲೆ ಹಿಡಿದು ಸಣ್ಣಗೆ ಕೆಳಮೇಲೆ ಆಡಿಸುತ್ತ, ಐದು ಎಣಿಕೆಗೆ ಉಸಿರು ಒಳಗೆ, ಐದು ಎಣಿಕೆಗೆ ಹೊರಗೆ. ಹತ್ತು ಉಸಿರಿಗೆ ನೂರು. ಹೊಸಬರು ತಲೆ ನೆಲದ ಮೇಲೆಯೇ ಇಟ್ಟು, ಮೊಣಕಾಲು ಮಡಚಿಕೊಂಡು ಇಪ್ಪತ್ತಕ್ಕೋ ಮೂವತ್ತಕ್ಕೋ ನಿಲ್ಲಿಸಲಿ. ವಾರಕ್ಕೆ ಮೂರು ದಿನ, ಹದಿನೈದು ಇಪ್ಪತ್ತು ನಿಮಿಷ ಆರಂಭಕ್ಕೆ ಸಾಕು. ಯಾವ ಹಂತದಲ್ಲಾದರೂ ಉಸಿರು ಕಟ್ಟಿತೋ, ಕುತ್ತಿಗೆ ಬಿಗಿಯಿತೋ, ಹೊಟ್ಟೆ ನಡುವೆ ದಿಬ್ಬವಾಗಿ ಎದ್ದಿತೋ, ಆ ಹಂತ ನಿಮ್ಮ ಒಳಪಟ್ಟಿಗೆ ಇನ್ನೂ ಭಾರ. ಹಿಂದಿನದಕ್ಕೆ ಹೋಗಿ ಇನ್ನೊಂದು ವಾರ ಅದನ್ನೇ ಮಾಡಿ.